ನಮ್ಮ ಬೀದಿಯ ಮೂಗು

ನಮ್ಮ ಪಕ್ಕದ ಮನೆಯ ಯಜಮಾನರು ತೀರಿಕೊಂಡ ಮೇಲೆ ಬಡಾವಣೆಯ ಸಂಘದ ಕಟ್ಟಡದಲ್ಲಿ ಒಂದು ಸಂತಾಪ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರ ಶಿಸ್ತು, ಸಮಯಪಾಲನೆ, ಪ್ರಾಮಾಣಿಕತೆಗಳನ್ನು ಹೊಗಳಿದರು. ಹೊಗಳಿದವರಲ್ಲಿ ಅರ್ಧ ಜನ ಅವರ ಜೊತೆ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಅವರ ಮೂಗಿನ ಬಗ್ಗೆ ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ. ಸತ್ತವರ ಮುಂದೆ ಇರಬೇಕಾದ ಸಂಕೋಚ ಅದು ಎಂದುಕೊಂಡೆ. ಆದರೆ ಮೂಗನ್ನು ಬಿಟ್ಟರೆ ಅವರ ಬಗ್ಗೆ ಹೇಳುವಂಥದ್ದು ಹೆಚ್ಚೇನೂ ಉಳಿಯುವುದಿಲ್ಲ ಎಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ನನಗೆ ಅನ್ನಿಸುತ್ತಲೇ ಇತ್ತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರನ್ನು ನಾನು ಮೊದಲು ಕಂಡದ್ದು ಜಾಲಹಳ್ಳಿಯ ನಮ್ಮ ಸರ್ಕಾರಿ ಕಾರ್ಖಾನೆಯಲ್ಲಿ. ನಾನು ಹಾಜರಿ ನೋಡುವ ಟೈಮ್ ಆಫೀಸಿನ ಗುಮಾಸ್ತೆ, ಅವರು ಸೇಫ್ಟಿ ಆಫೀಸರ್. ಬೇರೆ ಸೇಫ್ಟಿ ಆಫೀಸರುಗಳು ಹೆಲ್ಮೆಟ್, ಬೂಟು, ಬೆಂಕಿ ಆರಿಸುವ ಸಿಲಿಂಡರುಗಳ ಬಗ್ಗೆ ತಲೆ ಕೆಡಿಸಿಕೊಂಡರೆ ಇವರು ಎಲ್ಲವನ್ನೂ ಮೂಗಿಗೆ ವಹಿಸಿಬಿಟ್ಟಿದ್ದರು. ಯಂತ್ರಗಳಿದ್ದ ಶಾಪಿನ ಬಾಗಿಲಲ್ಲಿ ನಿಂತು, ಗದ್ದ ಮೇಲೆತ್ತಿ, ಕಣ್ಣು ಮುಚ್ಚಿ, ನಿಧಾನವಾಗಿ ಒಂದು ಉಸಿರು ಎಳೆದುಕೊಳ್ಳುವರು. ಅಷ್ಟು ಹೊತ್ತು ಕೆಲಸಗಾರರು ಯಂತ್ರ ನಿಲ್ಲಿಸದಿದ್ದರೂ ಮಾತು ನಿಲ್ಲಿಸುತ್ತಿದ್ದರು. ಆಮೇಲೆ ತೀರ್ಪು ಬರುತ್ತಿತ್ತು. ಎಲ್ಲೋ ಬೆಲ್ಟ್ ಸುಡುತ್ತಿದೆ, ಎಲ್ಲೋ ತಿನ್ನರ್ ಡಬ್ಬದ ಮುಚ್ಚಳ ತೆರೆದಿದೆ, ಯಾರೋ ಟಾಯ್ಲೆಟ್ಟಿನಲ್ಲಿ ಬೀಡಿ ಸೇದಿದ್ದಾರೆ. ಎಷ್ಟೋ ಸಲ ಹುಡುಕಿದರೂ ಏನೂ ಸಿಗುತ್ತಿರಲಿಲ್ಲ. ಆಗ ಅವರು, ಈಗ ಹೋಗಿದೆ, ಆದರೆ ಇತ್ತು, ಎನ್ನುತ್ತಿದ್ದರು. ಅದಕ್ಕೆ ಎದುರಾಡುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ಶುಕ್ರವಾರ ನಾನು ಮಲ್ಲಿಗೆ ಮುಡಿದು ಹೋಗುತ್ತಿದ್ದೆ. ಅವರು ನಮ್ಮ ಬಾಗಿಲಲ್ಲಿ ನಿಂತು, ಇದು ಆಫೀಸೋ ಕಲ್ಯಾಣ ಮಂಟಪವೋ ಎಂದು ಗಾಳಿಯನ್ನು ಕೇಳುವರು. ನನ್ನನ್ನು ನೋಡಿ ಕೇಳಿದ್ದರೆ ಉತ್ತರ ಕೊಡಬಹುದಿತ್ತು. ಒಮ್ಮೆ ದೆಹಲಿಯಿಂದ ದೊಡ್ಡ ಅಧಿಕಾರಿಯೊಬ್ಬರು ತಪಾಸಣೆಗೆ ಬಂದಿದ್ದಾಗ ಸಭೆಯ ಕೋಣೆಯಲ್ಲಿ ಸ್ಪಿರಿಟ್ ವಾಸನೆ ಇದೆಯೆಂದು ಎಲ್ಲರನ್ನೂ ಹೊರಗೆ ಕಳಿಸಿ, ಅಧಿಕಾರಿಯನ್ನೂ ಸೇರಿಸಿ ಬಿಸಿಲಿನಲ್ಲಿ ನಿಲ್ಲಿಸಿದರು. ಹುಡುಕಿ ಹುಡುಕಿ ಕೊನೆಗೆ ವಾಸನೆಯ ಮೂಲ ಆ ಅಧಿಕಾರಿ ಹಚ್ಚಿಕೊಂಡಿದ್ದ ಅತ್ತರು ಎಂದು ಗೊತ್ತಾಯಿತು. ಆ ಸಲದ ಬಡ್ತಿ ಇನ್ನೊಬ್ಬರಿಗೆ ಹೋಯಿತು. ಅದು ಅತ್ತರಲ್ಲ, ಸ್ಪಿರಿಟ್ಟೇ, ಎಂದು ಅವರು ನಿವೃತ್ತಿಯಾದ ಮೇಲೂ ವಾದಿಸುತ್ತಿದ್ದರು.

ಒಂದೇ ಒಂದು ಸಲ ಅವರು ನಿಜಕ್ಕೂ ಜನರನ್ನು ಉಳಿಸಿದರು. ಊಟದ ಹೊತ್ತಿನಲ್ಲಿ ಕ್ಯಾಂಟೀನಿಗೆ ನುಗ್ಗಿ, ಗ್ಯಾಸ್ ಸೋರುತ್ತಿದೆ, ಎಲ್ಲರೂ ಏಳಿ ಎಂದರು. ಗೊಣಗುತ್ತಾ ಎದ್ದೆವು. ಹಿಂದಿನ ಪೈಪು ನಿಜವಾಗಿಯೂ ಬಿರುಕು ಬಿಟ್ಟಿತ್ತು. ಆದರೆ ಆ ದಿನ ಬಿಸಿಬೇಳೆ ಬಾತ್ ಇತ್ತು, ಅರ್ಧ ತಿಂದ ತಟ್ಟೆಗಳು ಆರಿ ಹೋಗಿದ್ದವು. ಮರುದಿನ ಕಾರ್ಮಿಕ ಸಂಘದವರು ಊಟ ಹಾಳು ಮಾಡಿದ್ದಕ್ಕೆ ಪ್ರತಿಭಟನೆ ಮಾಡಿದರು. ಪ್ರಾಣ ಉಳಿದದ್ದರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಅವರೂ ಎತ್ತಲಿಲ್ಲ.

ನಿವೃತ್ತಿಯ ನಂತರ ಅವರು ನಮ್ಮ ಪಕ್ಕದ ಮನೆಯವರಾದರು. ಕಾರ್ಖಾನೆಯ ನೌಕರರ ಗೃಹನಿರ್ಮಾಣ ಸಂಘದಿಂದ ಇಬ್ಬರಿಗೂ ಅಕ್ಕಪಕ್ಕದ ಸೈಟು ಬಂದಿತ್ತು. ಅವರ ಹೆಂಡತಿ ಸರೋಜಕ್ಕ ನನಗಿಂತ ಸ್ವಲ್ಪ ದೊಡ್ಡವರು, ಮೆಲುಮಾತಿನವರು, ಅಡುಗೆಯಲ್ಲಿ ಎತ್ತಿದ ಕೈ. ಆದರೆ ಗಂಡನ ಮೂಗಿಗೆ ಹೆದರಿ ಹೆದರಿ ಅವರ ಅಡುಗೆ ವರ್ಷದಿಂದ ವರ್ಷಕ್ಕೆ ಸಪ್ಪೆಯಾಗುತ್ತಾ ಬಂತು. ಬೆಳ್ಳುಳ್ಳಿ ಮೊದಲೇ ಹೋಗಿತ್ತು. ಆಮೇಲೆ ಹುರಿದ ಮೆಣಸಿನಕಾಯಿ ಹೋಯಿತು. ಕಡೆಗೆ ಇಂಗು ಉಳಿದಿತ್ತು, ಅದರ ಮೇಲೆ ದಿನಾ ಜಗಳ.

ನಮ್ಮ ಮನೆಯಲ್ಲಿ ಭಾನುವಾರ ಮೀನು. ಭಾನುವಾರ ಸಂಜೆ ಅವರು ತಪ್ಪದೆ ನಮ್ಮ ಗೇಟಿಗೆ ಬಂದು, ನಿಮ್ಮ ಮೀನು ನಮ್ಮ ದೇವರ ಮನೆವರೆಗೂ ಬಂದಿದೆ ಎನ್ನುವರು. ನಾನು ಕ್ಷಮೆ ಕೇಳುವೆನು. ಅವರು ಒಳಗೆ ಬಂದು ಕಾಫಿ ಕುಡಿದು, ಕಾಫಿಪುಡಿ ಹಳೆಯದು ಎಂದು ಹೇಳಿ ಹೋಗುವರು. ಇದು ಎಷ್ಟು ರೂಢಿಯಾಗಿತ್ತು ಎಂದರೆ, ಒಂದು ಶ್ರಾವಣದಲ್ಲಿ, ನಾವು ತಿಂಗಳಿಡೀ ಮೀನು ಮುಟ್ಟದಿದ್ದಾಗಲೂ ಅವರು ಬಂದು ಅದೇ ದೂರು ಹೇಳಿದರು. ಹಳೆಯ ವಾಸನೆ ಪರದೆಗೆ ಅಂಟಿರಬೇಕೆಂದು ನಾನು ಮನೆಯ ಪರದೆಗಳನ್ನೆಲ್ಲ ಒಗೆಸಿದೆ. ಆಗ ನನಗೆ ಬೇರೆ ಯೋಚನೆಯೇ ಹೊಳೆಯಲಿಲ್ಲ.

ಇದೆಲ್ಲ ಸಣ್ಣಪುಟ್ಟದ್ದು. ನಿಜವಾದ ವಾಸನೆ ನಮ್ಮ ಹಿಂಬದಿಯಲ್ಲಿತ್ತು. ರಾಜಕಾಲುವೆಯ ಆಚೆ, ಪೀಣ್ಯದ ಕಡೆಗೆ, ಲೋಹಕ್ಕೆ ಹೊಳಪಿನ ಲೇಪ ಹಾಕುವ ಒಂದು ಸಣ್ಣ ಕಾರ್ಖಾನೆ. ಸಂಜೆ ಗಾಳಿ ತಿರುಗಿದರೆ ಅಲ್ಲಿಂದ ಹುಳಿ ಹುಳಿಯಾದ ಒಂದು ಹೊಗೆ ಬಂದು ಗಂಟಲಲ್ಲಿ ಕೂರುತ್ತಿತ್ತು. ಮಕ್ಕಳು ಕೆಮ್ಮುತ್ತಿದ್ದರು. ನಾವೆಲ್ಲ ಕಿಟಕಿ ಮುಚ್ಚಿಕೊಂಡು ಬೈದುಕೊಂಡೆವು. ಅವರೊಬ್ಬರು ಮಾತ್ರ ಮನೆ ಮನೆಗೆ ಹೋಗಿ ಸಹಿ ಹಾಕಿಸಿ, ತಮ್ಮ ಹೆಸರಲ್ಲೇ ಮಾಲಿನ್ಯ ತಡೆಯುವ ಇಲಾಖೆಗೆ ದೂರು ಕೊಟ್ಟರು. ವರ್ಷಗಟ್ಟಲೆ ಅದರ ಹಿಂದೆ ಓಡಾಡಿದರು. ನಮ್ಮ ಬೀದಿ ಅವರನ್ನು ಸಹಿಸಿಕೊಂಡದ್ದು ಆ ದೂರಿನ ಕಾರಣಕ್ಕೆ.

ಹೀಗಿರುವಾಗ ಅವರಿಗೆ ಎದೆ ನೋವು ಬಂತು. ಸ್ಟೆಂಟಿನಲ್ಲಿ ಮುಗಿಯುವುದಿಲ್ಲ, ಬೈಪಾಸ್ ಆಗಬೇಕು ಎಂದರು ಡಾಕ್ಟರು. ನಿವೃತ್ತ ನೌಕರರಿಗೆ ಒಪ್ಪಂದ ಇದ್ದದ್ದು ವೈಟ್‌ಫೀಲ್ಡಿನ ಒಂದು ಆಸ್ಪತ್ರೆಯ ಜೊತೆ. ಅವರ ಒಬ್ಬಳೇ ಮಗಳು ದಾವಣಗೆರೆಯಲ್ಲಿ ಹಸಿ ಬಾಣಂತಿ. ಸರೋಜಕ್ಕನಿಗೆ ಜೊತೆ ಬೇಕು ಎಂದು ನಾನು ಹೊರಟೆ. ಬೆಳಿಗ್ಗೆ ಜಾಲಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಇಳಿಯುವ ಹೊತ್ತಿಗೆ ನಮಗೇ ಎದೆ ನೋವು ಬರುವಂತಾಗುತ್ತಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ತೊಂದರೆ ಶುರುವಾದದ್ದು ಆಮೇಲೆ. ಎದೆಯ ಮೂಳೆ ಸೀಳಿ ತಂತಿಯಿಂದ ಬಿಗಿದಿರುತ್ತಾರಲ್ಲ, ಉಸಿರು ಎಳೆದರೆ ನೋವು, ಕೆಮ್ಮಿದರೆ ಪ್ರಾಣ ಹೋಗುವಷ್ಟು ನೋವು. ಅದಕ್ಕೆ ರೋಗಿಗಳು ಮೇಲೆ ಮೇಲೆ ಉಸಿರಾಡುತ್ತಾರೆ. ಹಾಗೆ ಮಾಡಿದರೆ ಶ್ವಾಸಕೋಶದ ತಳಭಾಗ ಮುಚ್ಚಿಕೊಂಡು, ಕಫ ಕಟ್ಟಿ, ಜ್ವರ ಬಂದು, ನ್ಯುಮೋನಿಯಾಕ್ಕೆ ತಿರುಗಬಹುದು ಎಂದು ಡಾಕ್ಟರು ವಿವರಿಸಿದರು. ಹೃದಯ ರಿಪೇರಿಯಾದ ಮನುಷ್ಯ ಉಸಿರು ಎಳೆದುಕೊಳ್ಳದೆ ಹೋಗುವುದು ಉಂಟಂತೆ.

ಉಸಿರು ಎಳೆಸುವ ಕೆಲಸ ರೇಖಾ ಎಂಬ ಫಿಸಿಯೋ ಹುಡುಗಿಯದು. ಅತ್ತಿಬೆಲೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಮೊದಲು ಅವಳು ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಪೈಪಿನಲ್ಲಿ ಉಸಿರು ಎಳೆದು ಚೆಂಡು ಮೇಲೇರಿಸಿ ಎಂದಳು. ಅವರು ಪೈಪನ್ನು ಬಾಯಿಯ ಹತ್ತಿರ ತಂದು, ಪ್ಲಾಸ್ಟಿಕ್ ವಾಸನೆ ಎಂದು ಪಕ್ಕಕ್ಕಿಟ್ಟರು. ಆಗ ಅವಳು ಇನ್ನೊಂದು ಉಪಾಯ ಹೇಳಿದಳು. ಕಣ್ಣು ಮುಚ್ಚಿಕೊಳ್ಳಬೇಕು, ಇಷ್ಟವಾದ ಒಂದು ವಾಸನೆಯನ್ನು ನೆನೆಸಿಕೊಳ್ಳಬೇಕು, ಅದು ಎದುರಿಗೇ ಇದೆ ಎಂದುಕೊಂಡು ಮೂಗಿನಿಂದ ನಿಧಾನವಾಗಿ ಎಳೆದುಕೊಂಡು, ಸ್ವಲ್ಪ ಹಿಡಿದು, ಬಾಯಿಂದ ಬಿಡಬೇಕು. ಒಳ್ಳೆಯ ವಾಸನೆ ಎಂದರೆ ಮೈ ತಾನಾಗಿ ಉಸಿರನ್ನು ಆಳಕ್ಕೆ ಎಳೆಯುತ್ತದಂತೆ, ನೋವಿನ ಕಡೆ ಗಮನ ಕಡಿಮೆಯಾಗುತ್ತದಂತೆ. ಪಕ್ಕದ ಹಾಸಿಗೆಯ ಮುದುಕರು ಹಲಸಿನ ಹಣ್ಣನ್ನು ನೆನೆಸಿಕೊಂಡು ಆಗಲೇ ಕೂತು ಕಾಫಿ ಕುಡಿಯುತ್ತಿದ್ದರು.

ಇವರು ಮಾತ್ರ ಒಪ್ಪಲಿಲ್ಲ. ರೇಖಾ ಮಲ್ಲಿಗೆ ಎಂದಳು, ತಲೆನೋವು ಎಂದರು. ಗಂಧ ಎಂದಳು, ಈಗ ಬರುವುದೆಲ್ಲ ಕೆಮಿಕಲ್ ಎಂದರು. ಮೊದಲ ಮಳೆಯ ಮಣ್ಣು ಎಂದಳು, ಅದು ಬ್ಯಾಕ್ಟೀರಿಯಾ ಎಂದರು. ತುಪ್ಪ, ಕಾಫಿ, ಮಗುವಿನ ನೆತ್ತಿ, ಯಾವುದೂ ಆಗಲಿಲ್ಲ. ಒಂದು ಜೀವಮಾನದಲ್ಲಿ ಅವರಿಗೆ ಹಿಡಿಸಿದ ಒಂದು ವಾಸನೆಯೂ ಇರಲಿಲ್ಲ. ಸರೋಜಕ್ಕ ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು.

ಸಂಜೆಗೆ ರೋಗಿಯ ಮೈ ಬೆಚ್ಚಗಾಯಿತು. ಎಕ್ಸ್‌ರೇಯಲ್ಲಿ ಎಡಗಡೆಯ ತಳ ಮಸುಕಾಗಿ ಕಾಣುತ್ತಿದೆ ಎಂದರು ಡಾಕ್ಟರು.

ಮರುದಿನ ರೇಖಾ ಬಂದಾಗ ಅವರು ಅವಳನ್ನು ನೋಡಿ, ಈ ವಾರ್ಡಿನಲ್ಲಿ ಏನೋ ವಾಸನೆ ಇದೆ ಎಂದು ದೂರಿದರು. ಹೇಳುವಾಗ ಹಳೆಯ ಅಭ್ಯಾಸದಂತೆ ಗದ್ದ ಮೇಲೆತ್ತಿ ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡರು. ರೇಖಾ ಅವರ ಎದೆಯನ್ನೇ ನೋಡುತ್ತಿದ್ದಳು. ಆಮೇಲೆ ಬಹಳ ವಿನಯದಿಂದ, ಯಾವ ಕಡೆಯಿಂದ ಬರುತ್ತಿದೆ ಸಾರ್, ಸ್ವಲ್ಪ ನೋಡಿ ಹೇಳ್ತೀರಾ ಎಂದಳು. ಅವರು ಇನ್ನೊಂದು ಸಲ ಎಳೆದರು, ಈ ಸಲ ಇನ್ನೂ ಆಳವಾಗಿ, ಹಿಡಿದು ಪರೀಕ್ಷೆ ಮಾಡಿ ಬಿಟ್ಟರು. ಎಸಿಯಿಂದ, ಎಂದರು. ಆವತ್ತಿನಿಂದ ಅವಳು ಬಂದಾಗಲೆಲ್ಲ ಒಳ್ಳೆಯ ವಾಸನೆಯ ಮಾತೇ ಎತ್ತದೆ ತಪಾಸಣೆ ಮಾಡಿಸುತ್ತಿದ್ದಳು. ಎಸಿ, ಪರದೆ, ದಿಂಬು, ಔಷಧಿಯ ಟ್ರಾಲಿ. ಜಗತ್ತಿನ ಬೇರೆಲ್ಲ ರೋಗಿಗಳೂ ಸುಗಂಧ ನೆನೆದು ಗುಣವಾಗುತ್ತಿದ್ದರೆ ಇವರು ಅನುಮಾನದ ಬಲದಲ್ಲಿ ಚೇತರಿಸಿಕೊಂಡರು. ಜ್ವರ ಇಳಿಯಿತು. ನರ್ಸುಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಸರೋಜಕ್ಕ ಕೂಡ ಎಷ್ಟೋ ದಿನದ ಮೇಲೆ ನಕ್ಕರು.

ಆ ನಗು ನಿಂತದ್ದು ಹೀಗೆ. ಒಂದು ಬೆಳಿಗ್ಗೆ ಪಕ್ಕದ ಹಾಸಿಗೆಯ ಮುದುಕರಿಗೆ ಹೊಟ್ಟೆ ಕೆಟ್ಟು, ಎದ್ದು ಹೋಗುವುದರೊಳಗೆ ಹಾಸಿಗೆಯಲ್ಲೇ ಆಗಿಹೋಯಿತು. ಇಬ್ಬರ ನಡುವೆ ಇದ್ದದ್ದು ಒಂದು ಪರದೆ ಮಾತ್ರ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ, ಸರೋಜಕ್ಕ ಬಾಗಿಲ ಕಡೆ ಹೋದರು, ಆಯಾ ಕೂಡ ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕ್ ಹಾಕಿಕೊಂಡಳು. ಅದೇ ಹೊತ್ತಿಗೆ ಬಂದ ರೇಖಾ, ಪಾಪ, ರೂಢಿಯಂತೆ, ಇವತ್ತು ಹೇಗಿದೆ ಸಾರ್ ಎಂದು ಕೇಳಿಬಿಟ್ಟಳು. ಅವರು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಎಳೆದರು, ಹಿಡಿದರು, ಬಿಟ್ಟರು. ಇವತ್ತು ಪರವಾಗಿಲ್ಲ, ಫಿನಾಯಿಲ್ ಸ್ವಲ್ಪ ಜಾಸ್ತಿ ಹಾಕಿದ್ದಾರೆ, ಎಂದರು.

ಅವರು ಕಣ್ಣು ತೆರೆದು ನಮ್ಮ ಮೂಗಿನ ಮೇಲಿದ್ದ ಬಟ್ಟೆಗಳನ್ನು ಒಂದೊಂದಾಗಿ ನೋಡಿದರು. ಏನಾಗಿದೆ ಎಂದು ಅವರಿಗೆ ಅರ್ಥವಾಯಿತು. ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ರೇಖಾ ಹಾಸಿಗೆಯ ಅಂಚಿನಲ್ಲಿ ಕೂತು ಮೆಲ್ಲಗೆ ಕೇಳಿದಳು: "ಯಾವಾಗಿಂದ ಸಾರ್ ವಾಸನೆ ಬರ್ತಿಲ್ಲ?"

"ಕೊರೋನಾ ಬಂದಿತ್ತಲ್ಲಮ್ಮ, ಆಗಿಂದ," ಎಂದರು. "ಎಲ್ಲರಿಗೂ ವಾಪಸ್ ಬಂತು. ನಂಗೆ ಬರ್ಲಿಲ್ಲ."

ಹೇಳಬಹುದಿತ್ತಲ್ಲ ಎಂದು ನಾನು ಕೇಳಿದೆ. ಅದಕ್ಕೆ ಅವರು, ಹೇಳಿದರೆ ಆಮೇಲೆ ನನ್ನ ಮಾತು ಯಾರು ಕೇಳ್ತಾರೆ ಎಂದರು. ಮೊದಲು ಯಾರು ಕೇಳುತ್ತಿದ್ದರು ಎಂದು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ನನಗೆ ಒಗೆಸಿದ ಪರದೆಗಳ ನೆನಪಾಯಿತು, ನಗು ಬಂತು. ಸರೋಜಕ್ಕನಿಗೆ ನಗು ಬರಲಿಲ್ಲ. ಅವರು ಗಂಡನ ಹತ್ತಿರ ಬಂದು ನಿಂತು ಹೇಳಿದ್ದು ನನಗೆ ಇವತ್ತಿಗೂ ಹಾಗೇ ನೆನಪಿದೆ.

"ಹುಳಿಗೆ ಇಂಗು ಜಾಸ್ತಿ ಅಂತ ದಿನಾ ಅಂತಿದ್ರಲ್ಲ. ನಾನು ಇಂಗು ಹಾಕೋದು ಬಿಟ್ಟು ಎರಡು ವರ್ಷ ಆಯ್ತು. ಬಿಟ್ಟ ಮೇಲೂ ಅಂತಿದ್ರಿ. ನಂಗೇ ಏನೋ ಆಗಿದೆ, ಕೈ ತಪ್ಪಿ ಹಾಕ್ತಿದೀನಿ, ಮರೆವು ಬಂದಿದೆ ಅಂದ್ಕೊಂಡಿದ್ದೆ ಕಣ್ರೀ."

ಆ ಹೆಂಗಸು ತನಗೆ ಮರೆಗುಳಿ ರೋಗ ಶುರುವಾಗಿದೆ ಎಂದು ಯಾರಿಗೂ ಹೇಳದೆ ಒಳಗೊಳಗೇ ಹೆದರಿಕೊಂಡು ದಿನ ಕಳೆದಿದ್ದರು. ಇಂಗಿನ ಡಬ್ಬಿಯನ್ನು ಕೈಗೆ ಸಿಗದ ಹಾಗೆ ಮೇಲಿನ ಅಟ್ಟಕ್ಕೆ ಎತ್ತಿಟ್ಟಿದ್ದರಂತೆ. ಅಷ್ಟು ಹೇಳಿ ಅವರು ಹೊರಗೆ ಹೋಗಿ ವಾರ್ಡಿನ ಆಚೆ ಕುರ್ಚಿಯಲ್ಲಿ ಕೂತರು. ಇಡೀ ದಿನ ಒಳಗೆ ಬರಲಿಲ್ಲ. ಊಟದ ಡಬ್ಬಿ ನನ್ನ ಕೈಯಲ್ಲಿ ಕಳಿಸಿದರು. ಗಂಡ ಅದನ್ನು ಮುಟ್ಟಲಿಲ್ಲ.

ಗುಟ್ಟು ಬಯಲಾದದ್ದರಿಂದ ರೇಖಾಳ ಉಪಾಯವೂ ಕೆಟ್ಟಿತು. ಅವಳು ಇನ್ನು ಏನನ್ನು ತಪಾಸಣೆ ಮಾಡಿ ಎಂದು ಕೇಳುವುದು? ಅವರು ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ಮಲಗಿ ಮೇಲೆ ಮೇಲೆ ಉಸಿರಾಡತೊಡಗಿದರು. ಜ್ವರ ಮತ್ತೆ ಏರಿತು, ಈ ಸಲ ಮೊದಲಿಗಿಂತ ಹೆಚ್ಚು. ಆಮ್ಲಜನಕದ ಮಾಸ್ಕ್ ಹಾಕಿದರು. ಹೀಗೇ ಮುಂದುವರಿದರೆ ಮತ್ತೆ ಐಸಿಯುಗೆ ಒಯ್ದು ಮಷೀನಿಗೆ ಹಾಕಬೇಕಾಗಬಹುದು, ಈ ವಯಸ್ಸಿನಲ್ಲಿ ಅಲ್ಲಿಂದ ವಾಪಸ್ ತರುವುದು ಸುಲಭವಲ್ಲ ಎಂದು ಡಾಕ್ಟರು ಸರೋಜಕ್ಕನನ್ನು ಕರೆದು ಹೇಳಿದರು.

ಸರೋಜಕ್ಕ ಆಗ ಒಳಗೆ ಬಂದರು. ಕೋಪ ಇನ್ನೂ ಹಾಗೇ ಇತ್ತು. ಗಂಡನ ತಲೆದಿಂಬಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, ರೇಖಾಳಿಗೆ ಅಲ್ಲೇ ಇರು ಎಂದು ಸನ್ನೆ ಮಾಡಿ, ಒಂದು ವಾಸನೆ ಹೇಳಿ ಎಂದರು. ಬೇಕಾದ್ದು ಹೇಳಿ, ನಿಮಗೆ ಇಷ್ಟ ಆಗಿದ್ದು ಒಂದೇ ಒಂದು ಇರಬೇಕು, ಹೇಳಿ.

ಅವರು ಗೋಡೆಯಿಂದ ಈಚೆಗೆ ತಿರುಗಿದರು. ಆಮೇಲೆ ಮಾಸ್ಕ್ ಸ್ವಲ್ಪ ಸರಿಸಿ, "ಪೇಂಟು," ಎಂದರು.

ನಮಗೆ ಅರ್ಥವಾಗಲಿಲ್ಲ. ಅವರು ನಿಲ್ಲಿಸಿ ನಿಲ್ಲಿಸಿ ಹೇಳಿದರು. ಮದುವೆಯಾದ ಹೊಸದರಲ್ಲಿ ಕಾರ್ಖಾನೆಯವರು ಕ್ವಾರ್ಟರ್ಸ್ ಕೊಟ್ಟಿದ್ದರು. ಕೀಲಿಕೈ ಸಿಕ್ಕ ದಿನವೇ ಇಬ್ಬರೂ ಹೋಗಿ ಸೇರಿಕೊಂಡರು. ಬಾಗಿಲು ಕಿಟಕಿಗಳಿಗೆ ಬಳಿದ ಹಸಿರು ಎನಾಮಲ್ ಬಣ್ಣ ಇನ್ನೂ ಒಣಗಿರಲಿಲ್ಲ. ಮನೆಯಲ್ಲಿ ಒಂದು ಚಾಪೆ, ಒಂದು ಸ್ಟೌ ಬಿಟ್ಟರೆ ಏನೂ ಇರಲಿಲ್ಲ. ಇಡೀ ಮನೆ ಬಣ್ಣದ ವಾಸನೆ. ಅಷ್ಟು ದಿನ ಅಣ್ಣಂದಿರ ಮನೆಯ ಹಜಾರದಲ್ಲಿ ಮಲಗುತ್ತಿದ್ದ ತನಗೆ, ಬಾಗಿಲು ಹಾಕಿಕೊಳ್ಳಬಹುದಾದ ಮನೆಯೊಂದು ಬಂತು ಎಂದು ಗೊತ್ತಾದದ್ದು ಆ ವಾಸನೆಯಿಂದ. ಅಷ್ಟು ಒಳ್ಳೆಯ ವಾಸನೆ ಆಮೇಲೆ ಎಲ್ಲೂ ಬರಲಿಲ್ಲ, ಎಂದರು.

"ಆ ಪೇಂಟ್ ವಾಸನೆಗೆ ನಂಗೆ ತಲೆ ಸಿಡಿದುಹೋಗ್ತಿತ್ತು," ಎಂದರು ಸರೋಜಕ್ಕ. "ವಾಂತಿ ಮಾಡ್ಕೊಂಡಿದೀನಿ. ಹೊಸ ಗಂಡನಿಗೆ ಹೆಂಗೆ ಹೇಳೋದು ಅಂತ ಹಿತ್ತಲಿಗೆ ಹೋಗಿ ಮಾಡ್ಕೊಂಡು ಬರ್ತಿದ್ದೆ."

ಅವರಿಗೆ ಅದು ಗೊತ್ತೇ ಇರಲಿಲ್ಲ. ಅಷ್ಟು ವರ್ಷ ಕಾರ್ಖಾನೆಯ ಮೂಲೆ ಮೂಲೆಯನ್ನು ಮೂಸಿದ ಮನುಷ್ಯನಿಗೆ ತನ್ನ ಮನೆಯ ಹಿತ್ತಲಿನ ಸಂಗತಿ ತಿಳಿದಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ಯಾರು ನಕ್ಕರೋ ನನಗೆ ಗೊತ್ತಾಗಲಿಲ್ಲ. ನಕ್ಕದ್ದೇ ಅವರಿಗೆ ಎದೆ ಹಿಡಿದುಕೊಂಡು ಕೆಮ್ಮು ಬಂತು. ರೇಖಾ ತಕ್ಷಣ ದಿಂಬನ್ನು ಎದೆಗೆ ಒತ್ತಿ ಹಿಡಿದಳು. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದರು, ಕಟ್ಟಿದ್ದ ಕಫ ಬಂತು.

"ಸಾಕು ಸಾರ್, ಈಗ ಪೇಂಟ್ ಎಳ್ಕೊಳಿ," ಎಂದಳು ರೇಖಾ. "ನಿಧಾನಕ್ಕೆ. ಬಾಗಿಲು, ಕಿಟಕಿ, ಎಲ್ಲಾ."

ಎಳೆದುಕೊಂಡರು. ಆ ಹುಡುಗಿಯ ಕೆಲಸದಲ್ಲಿ ಹಸಿರು ಎನಾಮಲ್ಲಿನಿಂದ ಗುಣವಾದ ಮೊದಲ ಶ್ವಾಸಕೋಶ ಅದಂತೆ. ಸಂಜೆ ಸರೋಜಕ್ಕ ಪಕ್ಕದಲ್ಲಿ ಕೂತು, ಈಗ ಅಡುಗೆಮನೆ ಬಾಗಿಲು, ಈಗ ಹಿಂದಿನ ಕಿಟಕಿ, ಎಂದು ಒಂದೊಂದೇ ನೆನಪಿಸುತ್ತಿದ್ದರು. ಅದನ್ನು ಹೇಳುವಾಗಲೂ ತಮಗೆ ಹೊಟ್ಟೆ ತೊಳಸುತ್ತಿತ್ತು ಎಂದು ಆಮೇಲೆ ನನ್ನ ಹತ್ತಿರ ಒಪ್ಪಿಕೊಂಡರು. ಆದರೂ ಬಿಡಲಿಲ್ಲ. ಜ್ವರ ನಿಧಾನವಾಗಿ ಇಳಿದು, ಮಾಸ್ಕ್ ತೆಗೆದು, ಒಂದು ದಿನ ನಡೆಸಿಕೊಂಡೇ ಮನೆಗೆ ಕರೆತಂದೆವು.

ಹೊರಡುವ ಮೊದಲು ಸರೋಜಕ್ಕ ಅವರಿಂದ ಒಂದು ಮಾತು ತೆಗೆದುಕೊಂಡರು. ಬಾರದ ವಾಸನೆಯನ್ನು ಇನ್ನು ಯಾವತ್ತೂ ಬರುತ್ತಿದೆ ಎಂದು ಹೇಳಬಾರದು, ಯಾರ ಮುಂದೆಯೂ. ಅವರು ಒಪ್ಪಿದರು. ಮನೆಗೆ ಬಂದ ದಿನ ಸರೋಜಕ್ಕ ಇಂಗು ಹಾಕಿ ಹುಳಿ ಮಾಡಿದರು, ಅವರು ಮಾತಾಡದೆ ಉಂಡರು. ಆಸ್ಪತ್ರೆಯ ಸಂಗತಿ ಆಗಲೇ ಬೀದಿಗೆಲ್ಲ ಹಬ್ಬಿತ್ತು. ಭಾನುವಾರ ಅವರು ನಮ್ಮ ಗೇಟಿಗೆ ಬಂದು ಸುಮ್ಮನೆ ನಿಂತರು. ದೂರು ಇಲ್ಲದೆ ಒಳಗೆ ಬರುವುದು ಹೇಗೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಬನ್ನಿ ಸಾರ್, ಕಾಫಿ ಕುಡೀರಿ ಎಂದು ನಾನೇ ಕರೆಯಬೇಕಾಯಿತು.

ಕೊಟ್ಟ ಮಾತನ್ನು ಅವರು ಹೇಗೆ ಉಳಿಸಿಕೊಂಡರು ಎಂಬುದು ನಮ್ಮ ಬೀದಿಗೆ ದುಬಾರಿಯಾಯಿತು. ಕೆಲವು ತಿಂಗಳ ನಂತರ, ನಾವು ಆಸೆ ಬಿಟ್ಟಿದ್ದ ಹೊತ್ತಿನಲ್ಲಿ, ಇಲಾಖೆಯಿಂದ ಹಿಂಬದಿಯ ಕಾರ್ಖಾನೆಯ ತನಿಖೆಗೆ ಬರುತ್ತೇವೆ ಎಂದು ತಿಳಿಸಿದರು. ದೂರುದಾರರು ಹಾಜರಿರಬೇಕು ಎಂದಿದ್ದರು. ಬೀದಿಯಲ್ಲಿ ಹಬ್ಬದ ಹಾಗಾಯಿತು. ಸಂಘದ ಅಧ್ಯಕ್ಷರಾದ ಗೌಡರು ಹಳೆಯ ಊರಿನವರು, ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡವರು. ವಾಸನೆಯಿಂದ ಬಾಡಿಗೆದಾರರು ನಿಲ್ಲುತ್ತಿಲ್ಲ ಎಂಬ ಚಿಂತೆ ಅವರದು. ಅವರೇ ಮುಂದೆ ನಿಂತು ಎಲ್ಲರನ್ನೂ ಸೇರಿಸಿದರು. ಆವತ್ತು ಸಂಜೆ ಅದೃಷ್ಟಕ್ಕೆ ಗಾಳಿಯೂ ನಮ್ಮ ಕಡೆಗೇ ತಿರುಗಿತ್ತು. ಕಣ್ಣು ಉರಿಯುವಷ್ಟು ವಾಸನೆ. ಇಷ್ಟು ಒಳ್ಳೆಯ ವಾಸನೆ ಯಾವ ತನಿಖೆಗೂ ಸಿಕ್ಕಿರಲಾರದು ಎಂದು ನಾವು ಸಂತೋಷಪಟ್ಟೆವು.

ಬಂದ ಅಧಿಕಾರಿಗೆ ನೆಗಡಿ. ಮೂಗು ಒರೆಸಿಕೊಳ್ಳುತ್ತಲೇ ಜೀಪಿನಿಂದ ಇಳಿದ ಅವರು, ಎರಡು ದಿನದಿಂದ ತನಗೆ ಯಾವ ವಾಸನೆಯೂ ತಿಳಿಯುತ್ತಿಲ್ಲ, ಗಾಳಿ ಅಳೆಯುವ ಯಂತ್ರದ ಪರೀಕ್ಷೆ ಬೇರೆ ದಿನ ಇರುತ್ತದೆ, ಇವತ್ತು ದೂರುದಾರರ ಹೇಳಿಕೆ ಬರೆದುಕೊಂಡು ಹೋಗುತ್ತೇನೆ ಎಂದರು. ಎಲ್ಲರೂ ನಮ್ಮ ದೂರುದಾರರತ್ತ ತಿರುಗಿದೆವು. ಅಧಿಕಾರಿ ಕೇಳಿದರು, ಹೇಳಿ ಸಾರ್, ಈಗ ನಿಮಗೆ ವಾಸನೆ ಬರುತ್ತಿದೆಯಾ.

ಅವರು ಸರೋಜಕ್ಕನ ಕಡೆ ನೋಡಿದರು. ಸರೋಜಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು. ತಲೆ ಅಲ್ಲಾಡಿಸಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಆ ಕ್ಷಣ ಅವರ ಗಂಡ ಒಂದು ಸುಳ್ಳು ಹೇಳಿದ್ದರೆ ಅದು ಪೂರ್ತಿ ನಿಜವಾಗಿರುತ್ತಿತ್ತು.

"ಇಲ್ಲ," ಎಂದರು. "ನನಗೆ ಬರ್ತಾ ಇಲ್ಲ."

ಅಧಿಕಾರಿಯ ಜೊತೆಯವನು ಅದನ್ನು ಹಾಗೆಯೇ ಬರೆದುಕೊಂಡ. ನಾವೆಲ್ಲ ಒಟ್ಟಿಗೆ ಮಾತಾಡತೊಡಗಿದೆವು. ಅವರಿಗೆ ಮೂಗೇ ಕೆಲಸ ಮಾಡುವುದಿಲ್ಲ, ನಮ್ಮನ್ನು ಕೇಳಿ ಎಂದೆವು. ಅವರೂ ಅದನ್ನೇ ವಿವರಿಸಲು ಹೋದರು. ಮೂಗು ಕೆಲಸ ಮಾಡದಿದ್ದರೆ ವಾಸನೆಯ ದೂರು ಕೊಟ್ಟದ್ದು ಹೇಗೆ ಎಂದು ಅಧಿಕಾರಿ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ದೂರು ಕೊಟ್ಟದ್ದು ಕೊರೋನಾಕ್ಕೆ ಮೊದಲು ಎಂದು ಹೇಳುವ ಹೊತ್ತಿಗೆ ಜೀಪು ಸ್ಟಾರ್ಟ್ ಆಗಿತ್ತು. ಬೇಕಿದ್ದರೆ ಬೇರೆಯವರ ಹೆಸರಿನಲ್ಲಿ ಹೊಸದಾಗಿ ದೂರು ಕೊಡಿ ಎಂದು ಹೇಳಿ ಹೋದರು.

ಗೌಡರು ತಲೆಯ ಮೇಲೆ ಕೈಯಿಟ್ಟುಕೊಂಡು ರಸ್ತೆಯ ಕಟ್ಟೆಯ ಮೇಲೆ ಕೂತರು. "ಏನ್ ಸಾ, ಇಂಗ್ ಮಾಡ್ಬುಟ್ರಿ," ಎಂದರು. "ಇಷ್ಟ್ ವರ್ಸ ಇಲ್ಲದ್ ವಾಸ್ನೆನೆಲ್ಲಾ ಐತೆ ಅಂದ್ರಿ. ಇವತ್ತು ಐತಲ್ಲ ಸಾ, ಎದ್ರುಗೇ ಐತೆ. ಇವತ್ತೊಂದಿನ ಅನ್ನಕಾಗ್ಲಿಲ್ವಾ?"

ಸರೋಜಕ್ಕ ಗಂಡನ ತೋಳು ಹಿಡಿದುಕೊಂಡರು, ಇಬ್ಬರೂ ನಿಧಾನವಾಗಿ ಮನೆಯ ಕಡೆ ನಡೆದರು. ಮದುವೆಯಾದ ಮೇಲೆ ಅವರು ಹೆಂಡತಿಯ ಪರವಾಗಿ ನಿಂತ ಮೊದಲ ಸಲ ಅದು ಎಂದು ಸರೋಜಕ್ಕ ಆಮೇಲೆ ನನಗೆ ಹೇಳಿದರು. ಅದಕ್ಕೆ ಇಡೀ ಬೀದಿ ದಂಡ ತೆರಬೇಕಾಯಿತು ಎಂಬುದು ಅವರಿಗೆ ಗೊತ್ತಿತ್ತು, ಆದರೆ ಅವರ ಮುಖದಲ್ಲಿ ಪಶ್ಚಾತ್ತಾಪವೇನೂ ಕಾಣಲಿಲ್ಲ.

ಬೀದಿಯವರು ಅವರೊಂದಿಗೆ ಮಾತು ಬಿಟ್ಟದ್ದು ಆಗಲೇ. ಹೊಸ ದೂರು ಈಗ ನನ್ನ ಹೆಸರಿನಲ್ಲಿದೆ, ಇನ್ನೂ ನಡೆಯುತ್ತಿದೆ. ಅವರು ಆಮೇಲೆ ಒಂದು ವರ್ಷದ ಮೇಲೆ ಸ್ವಲ್ಪ ದಿನ ಬದುಕಿದ್ದರು. ಹೋದದ್ದು ಹೃದಯದಿಂದಲೇ, ನಿದ್ದೆಯಲ್ಲಿ. ಕೊನೆಯ ಸಲ ತಪಾಸಣೆಗೆ ಹೋದಾಗ ಶ್ವಾಸಕೋಶ ಮಾತ್ರ ಎಳೆಯ ಹುಡುಗನದಿದ್ದ ಹಾಗಿದೆ ಎಂದು ಡಾಕ್ಟರು ಮೆಚ್ಚಿದ್ದರಂತೆ.

ಅದಕ್ಕೆ ಕಾರಣವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ತೀರಿಕೊಳ್ಳುವುದಕ್ಕೆ ಸ್ವಲ್ಪ ಮೊದಲು ಒಂದು ಸಂಜೆ ಗಾಳಿ ಹಿಂಬದಿಯಿಂದ ಜೋರಾಗಿ ತಿರುಗಿತು. ಬೀದಿಯುದ್ದಕ್ಕೂ ಕಿಟಕಿಗಳು ಪಟಪಟ ಮುಚ್ಚಿಕೊಂಡವು. ಆಟವಾಡುತ್ತಿದ್ದ ಮಕ್ಕಳನ್ನು ತಾಯಂದಿರು ಒಳಗೆ ಎಳೆದುಕೊಂಡರು. ನಾನು ಬಾಗಿಲು ಹಾಕಲು ಬಂದಾಗ ಅವರು ತಮ್ಮ ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತು, ಕಣ್ಣು ಮುಚ್ಚಿ, ಗದ್ದ ಮೇಲೆತ್ತಿ ರೇಖಾ ಕಲಿಸಿದ ಅಭ್ಯಾಸ ಮಾಡುತ್ತಿದ್ದರು. ಆ ಗಬ್ಬಿನ ನಡುವೆ ನಿಧಾನವಾಗಿ ಎಳೆದುಕೊಂಡು, ಹಿಡಿದು, ಸುಖವಾಗಿ ಬಿಡುತ್ತಿದ್ದರು. ಮುಖದಲ್ಲಿ ನಗುವಿನಂಥದ್ದೇನೋ ಇತ್ತು.

ಒಳಗೆ ಹೋಗಿ ಸಾರ್, ವಾಸನೆ ಬರದಿದ್ದರೂ ಅದು ವಿಷವೇ, ಎಂದೆ.

ಕಣ್ಣು ತೆರೆಯದೆ, ಒಂದು ಕೈ ಎತ್ತಿ ತಡೆದರು.

"ನೀವು ಬಾಗಿಲು ಹಾಕ್ಕೊಳಮ್ಮ," ಎಂದರು. "ನಂದು ಹಿಂದಿನ ಕಿಟಕಿ ಒಂದು ಬಾಕಿ ಇದೆ."

ನಾನು ಬಾಗಿಲು ಹಾಕಿಕೊಂಡೆ.